ಐದನೇ ತರಗತಿಗೆ ಬೋರ್ಡ್ ಪರೀಕ್ಷೆ: ಅಳೆಯಬೇಕಾದದ್ದು ಯಾರನ್ನು?

ನಮ್ಮ ಕೆಳಗಿನ ಮನೆಯ ಹುಡುಗ 2024ರ ಮಾರ್ಚ್‌ನಲ್ಲಿ ಐದನೇ ತರಗತಿಯಲ್ಲಿದ್ದ. ರಾಜ್ಯ ಪಠ್ಯಕ್ರಮದ ಶಾಲೆ. 11ರಂದು ಒಂದು ಪತ್ರಿಕೆ ಬರೆದ, 12ರಂದು ಇನ್ನೊಂದು. ಆ ಸಂಜೆ ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕುಳಿತಿದ್ದಾಗ ತಾಯಿಯ ಮೊಬೈಲ್‌ಗೆ ಶಾಲೆಯಿಂದ ಸಂದೇಶ ಬಂತು: ನಾಳೆಯ ಪರೀಕ್ಷೆ ಇಲ್ಲ, ಮುಂದಿನ ದಿನಾಂಕ ತಿಳಿಸಲಾಗುವುದು. ಹುಡುಗ ಮೊದಲು ಕುಣಿದ. ಆಮೇಲೆ ಪರೀಕ್ಷೆಗೆಂದೇ ಕೊಂಡಿದ್ದ ಹೊಸ ಪ್ಯಾಡನ್ನು ಮಡಿಲಲ್ಲಿಟ್ಟುಕೊಂಡು ಕೇಳಿದ: "ಅಂಕಲ್, ಬರೆದಿರುವ ಎರಡು ಪತ್ರಿಕೆ ಲೆಕ್ಕಕ್ಕೆ ಇವೆಯೋ ಇಲ್ಲವೋ?"

ನನಗೂ ಗೊತ್ತಿರಲಿಲ್ಲ. ಆ ರಾತ್ರಿ ಬೆಂಗಳೂರಿನಲ್ಲಿ ಅದು ಗೊತ್ತಿದ್ದವರು ಯಾರೂ ಇದ್ದಂತೆ ಕಾಣಲಿಲ್ಲ. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಅವನದೇ ವಯಸ್ಸಿನ ಹುಡುಗಿಯೊಬ್ಬಳಿದ್ದಾಳೆ, ಸಿಬಿಎಸ್‌ಇ ಶಾಲೆಯವಳು. ಅವಳಿಗೆ ಈ ಗದ್ದಲದ ಗಾಳಿಯೂ ಸೋಕಲಿಲ್ಲ. ಎಲ್ಲ ಮಕ್ಕಳಿಗೂ ಒಂದೇ ಅಳತೆಗೋಲು ಬೇಕೆಂದು ಹೊರಟ ಪರೀಕ್ಷೆ ಒಂದೇ ಕಟ್ಟಡದ ಎರಡು ಮನೆಗಳನ್ನೂ ಅಳೆಯುವಂತಿರಲಿಲ್ಲ.

ನಡೆದದ್ದನ್ನು ಮೊದಲು ಸಾಲಾಗಿ ಹೇಳಿಬಿಡುತ್ತೇನೆ, ಏಕೆಂದರೆ ಇದರ ಹಾದಿ ಎಷ್ಟು ತಿರುವು ಕಂಡಿದೆಯೆಂದರೆ ಮೇಷ್ಟ್ರುಗಳೇ ಇಸವಿ ತಪ್ಪಿ ಹೇಳುತ್ತಾರೆ. 2022ರ ಡಿಸೆಂಬರ್‌ನಲ್ಲಿ ಆಗಿನ ಬಿಜೆಪಿ ಸರ್ಕಾರ 5 ಮತ್ತು 8ನೇ ತರಗತಿಗಳಿಗೆ ಬೋರ್ಡ್ ಮಟ್ಟದ ಪರೀಕ್ಷೆ ನಡೆಸುವುದಾಗಿ ಸುತ್ತೋಲೆ ಹೊರಡಿಸಿತು. 2023ರ ಮಾರ್ಚ್ 10ರಂದು ಹೈಕೋರ್ಟ್‌ನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು, ಐದೇ ದಿನಗಳಲ್ಲಿ ವಿಭಾಗೀಯ ಪೀಠ ಹಸಿರು ನಿಶಾನೆ ತೋರಿತು, ತಿಂಗಳ ಕೊನೆಯಲ್ಲಿ ಪರೀಕ್ಷೆ ನಡೆಯಿತು. ಆಮೇಲೆ ಸರ್ಕಾರ ಬದಲಾಯಿತು. ಹಠ ಬದಲಾಗಲಿಲ್ಲ. ಕಾಂಗ್ರೆಸ್ ಸರ್ಕಾರ ಅದೇ ವರ್ಷದ ಅಕ್ಟೋಬರ್‌ನಲ್ಲಿ 5, 8, 9 ಮತ್ತು ಪ್ರಥಮ ಪಿಯುಸಿಗೆ ಪರೀಕ್ಷೆ ನಡೆಸುವ ಹೊಣೆಯನ್ನು ಮಲ್ಲೇಶ್ವರದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ವಹಿಸಿತು. 2024ರ ಮಾರ್ಚ್ 6ರಂದು ಏಕಸದಸ್ಯ ಪೀಠ ಅದನ್ನೂ ರದ್ದು ಮಾಡಿತು. 7ಕ್ಕೆ ವಿಭಾಗೀಯ ಪೀಠದ ತಡೆ, 11ಕ್ಕೆ ಪರೀಕ್ಷೆ ಶುರು, 12ಕ್ಕೆ ಸುಪ್ರೀಂ ಕೋರ್ಟ್ ಆದೇಶದಿಂದ ನಿಲುಗಡೆ, 22ಕ್ಕೆ ವಿಭಾಗೀಯ ಪೀಠದಿಂದ ಮತ್ತೆ ಅನುಮತಿ, 25ರಿಂದ ಉಳಿದ ಪತ್ರಿಕೆಗಳು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೂ ತಡೆ ಕೊಟ್ಟಿತು. ಸಾಲದೆಂಬಂತೆ ಅದೇ 2024ರ ಅಕ್ಟೋಬರ್‌ನಲ್ಲಿ 8, 9, 10ನೇ ತರಗತಿಗಳ ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶ ಪ್ರಕಟಿಸದಂತೆಯೂ ನ್ಯಾಯಾಲಯ ತಡೆಯಿತು.

ಹತ್ತು ವರ್ಷದ ಮಗುವಿನ ಪರೀಕ್ಷೆಯೊಂದು ದೇಶದ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದದ್ದು ವಿಚಿತ್ರವೇ. ಆದರೆ ಕೋರ್ಟಿನಲ್ಲಿ ಮುಖ್ಯವಾಗಿ ಚರ್ಚೆಯಾದದ್ದು ಮಗು ಹೇಗೆ ಕಲಿಯುತ್ತದೆ ಎಂಬುದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್, ಎಂಟನೇ ತರಗತಿಯವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸುವಂತಿಲ್ಲ ಎಂದಿತ್ತು. 30ನೇ ಸೆಕ್ಷನ್, ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸು ಮಾಡಬೇಕಾಗಿಲ್ಲ ಎನ್ನುತ್ತದೆ. 2019ರಲ್ಲಿ ಸಂಸತ್ತು 16ನ್ನು ತಿದ್ದಿತು: ರಾಜ್ಯಗಳು ಬಯಸಿದರೆ 5 ಮತ್ತು 8ರ ಕೊನೆಯಲ್ಲಿ ಪರೀಕ್ಷೆ ನಡೆಸಬಹುದು, ಫೇಲಾದವರಿಗೆ ಎರಡು ತಿಂಗಳೊಳಗೆ ಮರುಪರೀಕ್ಷೆ, ಅದರಲ್ಲೂ ಆಗದಿದ್ದರೆ ತಡೆಹಿಡಿಯಬಹುದು. 30 ಮಾತ್ರ ಇದ್ದ ಹಾಗೆಯೇ ಉಳಿಯಿತು. ಈ ಎರಡರ ನಡುವಿನ ಸಂದಿಯಲ್ಲಿ ವಕೀಲರು ಬೀಡುಬಿಟ್ಟರು. ಮೇಲಾಗಿ ಕಾಯ್ದೆ ತೋರಿಸುವ ದಾರಿಯಲ್ಲಿ ನಿಯಮ ರೂಪಿಸಿ, ಆಕ್ಷೇಪಣೆ ಕೇಳಿ, ಸದನದ ಮುಂದಿಟ್ಟು ಮಾಡಬೇಕಾದ ಕೆಲಸವನ್ನು ಸರ್ಕಾರ ಸುತ್ತೋಲೆ, ಅಧಿಸೂಚನೆಗಳಲ್ಲಿ ಮುಗಿಸಹೊರಟಿತ್ತು. ಖಾಸಗಿ ಅನುದಾನರಹಿತ ಶಾಲೆಗಳ ಸಂಘಗಳು ಹಿಡಿದದ್ದು ಆ ಎಳೆಯನ್ನೇ.

ಇಷ್ಟು ಹೇಳಿದ ಮಾತ್ರಕ್ಕೆ ಸರ್ಕಾರದ ವಾದವನ್ನು ತಳ್ಳಿಹಾಕುವಂತಿಲ್ಲ. ಕೋವಿಡ್‌ನ ಎರಡು ವರ್ಷ ಶಾಲೆ ಮುಚ್ಚಿ, 'ಕಲಿಕಾ ಚೇತರಿಕೆ' ಎಂಬ ಹೆಸರಿನಲ್ಲಿ ಒಂದು ವರ್ಷ ಹಿಂದಿನ ಪಾಠಗಳನ್ನೇ ಕಲಿಸಿದ ರಾಜ್ಯ ಇದು. ಎಂಟನೇ ತರಗತಿಗೆ ಬಂದ ಮಗು ನಾಲ್ಕು ಸಾಲು ಕನ್ನಡ ಓದಲು ತಡವರಿಸುವುದನ್ನು ಯಾವ ಪ್ರೌಢಶಾಲೆಯ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ. "ಫೇಲ್ ಮಾಡುವುದಿಲ್ಲ ಎಂದು ಗೊತ್ತಾದ ಮೇಲೆ ಯಾರು ಸಾರ್ ಓದುತ್ತಾರೆ?" ಎಂದು ಕೇಳುವವರಲ್ಲಿ ಆಟೊ ಓಡಿಸುವ ಅಪ್ಪಂದಿರೂ ಇದ್ದಾರೆ, ನಿವೃತ್ತ ಮುಖ್ಯೋಪಾಧ್ಯಾಯರೂ ಇದ್ದಾರೆ. ಉತ್ತರ ಕರ್ನಾಟಕದ ಹಿರಿಯರಂತೂ ಮುಲ್ಕಿ ಪರೀಕ್ಷೆಯ ಹೆಸರೆತ್ತಿದರೆ ಈಗಲೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಏಳನೇ ತರಗತಿಯ ಆ ಪರೀಕ್ಷೆ ಪಾಸಾದರೆ ಊರಿನಲ್ಲಿ ಮರ್ಯಾದೆ ಇತ್ತು, ಕೆಲಸವೂ ಸಿಗುತ್ತಿತ್ತು. ಪಾಸಾಗದವರ ಕಥೆ ಹೇಳಲು ಮಾತ್ರ ಯಾರೂ ಉಳಿದಿಲ್ಲ. ಅವರು ಅಂದೇ ಸ್ಲೇಟು ಕೆಳಗಿಟ್ಟು ಹೊಲಕ್ಕೆ ಹೋದರು. ಮುಲ್ಕಿಯ ನೆನಪನ್ನು ನಾವು ಕೇಳುವುದು ಯಾವಾಗಲೂ ಗೆದ್ದವರ ಬಾಯಿಂದ.

ಪರೀಕ್ಷೆ ಬೇಕೇ ಬೇಡವೇ ಎಂಬ ಜಗಳ ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. ಪರೀಕ್ಷೆಯ ಕೈಯಲ್ಲಿ ಯಾವ ಕೆಲಸ ಮಾಡಿಸಿಕೊಳ್ಳುತ್ತೇವೆ ಎಂಬುದನ್ನು ನಾವು ಕೇಳುತ್ತಿಲ್ಲ. ಒಂದು ಪರೀಕ್ಷೆ ಮಗು ಎಲ್ಲಿ ಎಡವುತ್ತಿದೆ ಎಂದು ಅದರ ಶಿಕ್ಷಕಿಗೆ ತೋರಿಸಬಹುದು. ಇನ್ನೊಂದು, ಜಿಲ್ಲೆಯ ಅಥವಾ ರಾಜ್ಯದ ಶಾಲೆಗಳು ಕಲಿಸುತ್ತಿವೆಯೇ ಎಂದು ಸರ್ಕಾರಕ್ಕೆ ತಿಳಿಸಬಹುದು. ಮತ್ತೊಂದು, ಸೀಟು ಕಡಿಮೆ ಇದ್ದು ಅರ್ಜಿ ಹೆಚ್ಚಿದ್ದಾಗ ಯಾರನ್ನು ಒಳಬಿಡಬೇಕು ಎಂದು ಜರಡಿ ಹಿಡಿಯಬಹುದು. ಈ ಮೂರೂ ಬೇರೆ ಬೇರೆ ಕೆಲಸ, ಬೇರೆ ಬೇರೆ ಸಲಕರಣೆ. ನಾವು ಮೂರನ್ನೂ ಒಂದೇ ಪತ್ರಿಕೆಗೆ ಹೊರಿಸಿ, ಮೇಲೊಂದಿಷ್ಟು ಭಯವನ್ನೂ ಸೇರಿಸಿ, ಅದಕ್ಕೆ ಬೋರ್ಡ್ ಪರೀಕ್ಷೆ ಎಂದು ಹೆಸರಿಟ್ಟಿದ್ದೇವೆ.

ಒಂದು ಉತ್ತರವನ್ನು ಹತ್ತಿರದಿಂದ ನೋಡೋಣ. ನಮ್ಮ ಅತ್ತಿಗೆ ನಗರದ ಅಂಚಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. 2023ರಲ್ಲಿ ಐದನೇ ತರಗತಿಯ ಗಣಿತದ ಉತ್ತರ ಪತ್ರಿಕೆ ತಿದ್ದಲು ಹೋಗಿದ್ದರು. ಯಾರದೋ ಶಾಲೆಯ ಯಾರದೋ ಮಕ್ಕಳ ಪತ್ರಿಕೆಗಳು, ಮೌಲ್ಯಮಾಪನ ತಾಲ್ಲೂಕು ಮಟ್ಟದಲ್ಲಿ. ಸಂಜೆ ಬಂದು ಕಾಫಿ ಕುಡಿಯುತ್ತಾ ಒಂದು ಬಗೆಯ ತಪ್ಪಿನ ಬಗ್ಗೆ ಹೇಳಿ, ವೃತ್ತಪತ್ರಿಕೆಯ ಅಂಚಿನಲ್ಲಿ ಬರೆದು ತೋರಿಸಿದರು. 302ರಿಂದ 147 ಕಳೆಯಬೇಕು ಎಂದಿಟ್ಟುಕೊಳ್ಳಿ. ಬರಬೇಕಾದದ್ದು 155. ಮಗು 245 ಎಂದು ಬರೆದಿರುತ್ತದೆ.

"ಇದು ಸುಮ್ಮನೆ ತಪ್ಪಲ್ಲ" ಎಂದರು. ಬಿಡಿಯ ಮನೆಯಲ್ಲಿ 2 ಮತ್ತು 7 ಇವೆ. ಎರಡರಲ್ಲಿ ಏಳು ಹೋಗುವುದಿಲ್ಲ, ಹಾಗಾಗಿ ಮಗು ಏಳರಲ್ಲಿ ಎರಡನ್ನು ಕಳೆದು 5 ಬರೆದಿದೆ. ಹತ್ತರ ಮನೆಯಲ್ಲಿ ಸೊನ್ನೆಯಿಂದ 4 ಹೋಗದು, ಅಲ್ಲಿ 4 ಬರೆದಿದೆ. ನೂರರ ಮನೆಯಲ್ಲಿ ಮೂರರಲ್ಲಿ ಒಂದು ಹೋದರೆ 2. ಮಗುವಿಗೆ ಒಂದು ನಿಯಮ ಇದೆ: ಎಲ್ಲಿದ್ದರೂ ದೊಡ್ಡದರಿಂದ ಚಿಕ್ಕದನ್ನು ಕಳೆ. ಆ ನಿಯಮವನ್ನು ಅದು ಚಾಚೂ ತಪ್ಪದೆ ಪಾಲಿಸಿದೆ. ಅದಕ್ಕೆ ತಿಳಿಯದೆ ಇರುವುದು ದಶಕ ತೆಗೆದುಕೊಳ್ಳುವುದು, ಅದರಲ್ಲೂ ನಡುವೆ ಸೊನ್ನೆ ಬಂದಾಗ ನೂರರ ಮನೆಯಿಂದ ಇಳಿಸಿಕೊಳ್ಳುವುದು. ಕಡ್ಡಿಕಟ್ಟುಗಳನ್ನು ಮುಂದಿಟ್ಟುಕೊಂಡು ಎರಡು ದಿನ ಕೂತರೆ ಸರಿಹೋಗುವ ವಿಷಯ.

ಮೌಲ್ಯಮಾಪನದ ಕೊಠಡಿಯಲ್ಲಿ ಕೀ ಉತ್ತರ 155. ಅತ್ತಿಗೆ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿ ಮುಂದಿನ ಪತ್ರಿಕೆ ಎತ್ತಿಕೊಂಡರು, ಬೇರೆ ಮಾಡುವಂತೆಯೂ ಇರಲಿಲ್ಲ. ಆ ಮಗುವಿನ ಸ್ವಂತ ಶಿಕ್ಷಕಿಗೆ ಈ 245 ಕಾಣಿಸುವುದೇ ಇಲ್ಲ. ಅವರಿಗೆ ತಲುಪುವುದು ಒಟ್ಟು ಅಂಕ ಒಂದೇ, ಅದೂ ಮಕ್ಕಳ ವಿವರ, ಅಂಕ ದಾಖಲಿಸುವ ಇಲಾಖೆಯ 'ಸ್ಯಾಟ್ಸ್' ತಂತ್ರಾಂಶದ ಒಂದು ಚೌಕದಲ್ಲಿ. ಅಷ್ಟರಲ್ಲಿ ಬೇಸಿಗೆ ರಜೆ. ಜೂನ್‌ಗೆ ಮಗು ಆರನೇ ತರಗತಿಯಲ್ಲಿ ಅದೇ ನಿಯಮದೊಂದಿಗೆ ದಶಮಾಂಶ ಕಳೆಯುತ್ತಾ ಕೂತಿರುತ್ತದೆ. ಆ ವರ್ಷ ಯಾರನ್ನೂ ಫೇಲ್ ಮಾಡುವುದಿಲ್ಲ ಎಂದು ಸರ್ಕಾರವೇ ಹೇಳಿತ್ತು. ಟೀಕೆ ಹೆಚ್ಚಿದಾಗ ಬೋರ್ಡ್ ಪರೀಕ್ಷೆ ಎಂಬುದನ್ನು ಬಿಟ್ಟು 'ಮೌಲ್ಯಾಂಕನ' ಎಂಬ ಮೃದುವಾದ ಹೆಸರೂ ಬಂತು. ಫೇಲೂ ಇಲ್ಲ, ಶಿಕ್ಷಕಿಗೆ ಮಾಹಿತಿಯೂ ಇಲ್ಲ ಎಂದ ಮೇಲೆ ಅಷ್ಟು ಕಾಗದ, ಅಷ್ಟು ಭದ್ರತೆ, ಅಷ್ಟು ವಾಹನ ಓಡಾಡಿದ್ದು ಯಾವ ಪುರುಷಾರ್ಥಕ್ಕೆ?

ರಾಜ್ಯದ ಶಾಲೆಗಳ ಸ್ಥಿತಿ ತಿಳಿಯುವುದಕ್ಕೆ ಎಂಬ ಉತ್ತರ ಬರುತ್ತದೆ. ಅನ್ನ ಬೆಂದಿದೆಯೇ ಎಂದು ನೋಡಲು ನಮ್ಮ ಮನೆಗಳಲ್ಲಿ ಒಂದು ಅಗುಳು ಒತ್ತಿ ನೋಡುತ್ತಾರೆ. ಪಾತ್ರೆಯ ಅನ್ನವನ್ನೆಲ್ಲ ಹಿಸುಕುವುದಿಲ್ಲ. ಮಾದರಿ ಸಮೀಕ್ಷೆ ಎಂದರೆ ಇದೇ. ರಾಷ್ಟ್ರೀಯ ಸಾಧನಾ ಸಮೀಕ್ಷೆ 2017 ಮತ್ತು 2021ರಲ್ಲಿ ಮಾಡಿದ್ದು ಇದನ್ನೇ. 2024ರ ಡಿಸೆಂಬರ್ 4ರಂದು ಎನ್‌ಸಿಇಆರ್‌ಟಿಯ ಅಡಿಯ 'ಪರಖ್' ಸಂಸ್ಥೆ ದೇಶದಾದ್ಯಂತ 3, 6 ಮತ್ತು 9ನೇ ತರಗತಿಯ 21 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಇದೇ ಬಗೆಯ ಪರೀಕ್ಷೆ ಕೊಟ್ಟಿತು. ಇಲ್ಲಿ ಮಗುವಿಗೆ ಅಂಕಪಟ್ಟಿಯೂ ಇಲ್ಲ, ಪಾಸು ಫೇಲೂ ಇಲ್ಲ. ಜಿಲ್ಲೆಯ ಚಿತ್ರ ಸಿಗುತ್ತದೆ. 'ಅಸರ್' ಸಮೀಕ್ಷೆಯವರು 2005ರಿಂದ ಇನ್ನೂ ಸರಳವಾಗಿ ಮಾಡುತ್ತಾ ಬಂದಿದ್ದಾರೆ: ಮನೆ ಬಾಗಿಲಿಗೆ ಹೋಗಿ ಎರಡನೇ ತರಗತಿ ಮಟ್ಟದ ಪಠ್ಯವೊಂದನ್ನು ಕೊಟ್ಟು ಓದಿಸುತ್ತಾರೆ, ಒಂದು ಭಾಗಾಕಾರ ಮಾಡಿಸುತ್ತಾರೆ. ಆದರೆ ಅದು ಗ್ರಾಮೀಣ ಮಕ್ಕಳ ಸಮೀಕ್ಷೆ. ಬೆಂಗಳೂರು ನಗರದೊಳಗಿನ ಮಕ್ಕಳು ಅದರ ಲೆಕ್ಕದಲ್ಲಿಲ್ಲ. ಕಟ್ಟಡ ಕೆಲಸಕ್ಕೆಂದು ಯಾದಗಿರಿ, ರಾಯಚೂರಿನಿಂದ ಬಂದು ವರ್ತುಲ ರಸ್ತೆಯ ಆಚೆ ತಗಡಿನ ಶೆಡ್‌ಗಳಲ್ಲಿರುವವರ ಮಕ್ಕಳು ಎಷ್ಟು ಓದಬಲ್ಲರು ಎಂಬುದನ್ನು ಈ ಅಗುಳು ಹೇಳುವುದಿಲ್ಲ.

ಅಗುಳು ಬೆಂದಿಲ್ಲ ಎಂದು ತಿಳಿದಾಗ ನಾವು ಏನು ಮಾಡುತ್ತೇವೆ ಎಂಬುದಕ್ಕೂ ಒಂದು ಹಳೆಯ ಉದಾಹರಣೆ ಇದೆ. 'ಪಿಸಾ' ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ 2009ರ ಸುತ್ತಿನ ಮುಂದುವರಿಕೆಯಲ್ಲಿ ತಮಿಳುನಾಡು, ಹಿಮಾಚಲ ಪ್ರದೇಶಗಳ ಮಕ್ಕಳು ಕೂತರು. ಎರಡೂ ರಾಜ್ಯ ಎಪ್ಪತ್ತಕ್ಕೂ ಹೆಚ್ಚು ದೇಶ, ಪ್ರದೇಶಗಳ ಪಟ್ಟಿಯ ತಳದಲ್ಲಿ ಬಂದವು. ಪ್ರಶ್ನೆಗಳು ನಮ್ಮ ಮಕ್ಕಳ ಪರಿಸರಕ್ಕೆ ಒಗ್ಗುವುದಿಲ್ಲ ಎಂದು ಭಾರತ ಆ ಪರೀಕ್ಷೆಯಿಂದಲೇ ದೂರ ಉಳಿಯಿತು.

ಅಂಕವನ್ನೇ ಆಡಳಿತದ ಗುರಿಯಾಗಿಸಿದಾಗ ಏನಾಗುತ್ತದೆ ಎಂದು ತಿಳಿಯಲು ಎಸ್ಸೆಸ್ಸೆಲ್ಸಿಯ ಈಚಿನ ಕೆಲವು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 2021ರಲ್ಲಿ ಕೋವಿಡ್ ಕಾರಣಕ್ಕೆ ಎರಡು ದಿನದ ಬಹು ಆಯ್ಕೆ ಪರೀಕ್ಷೆ ಮಾಡಿ ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲ ಎಂದರು. ಬರೆದ 8.7 ಲಕ್ಷ ಮಕ್ಕಳಲ್ಲಿ ಒಬ್ಬರ ಹೊರತು ಎಲ್ಲರೂ ಪಾಸು. 2023ರಲ್ಲಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಫಲಿತಾಂಶ ಧೊಪ್ಪನೆ ಬಿತ್ತು. ಬಿದ್ದದ್ದನ್ನು ಎತ್ತಲು ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯುವ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿದರು. ಸುಮಾರು 1.7 ಲಕ್ಷ ಮಕ್ಕಳು ಆ ಏಣಿ ಹತ್ತಿ ಪಾಸಾದ ಮೇಲೂ ಶೇ 73.40ಕ್ಕೇ ನಿಂತಿತು. ಕೃಪಾಂಕ ಇಲ್ಲದಿದ್ದರೆ ಶೇ 54ರ ಆಸುಪಾಸು. ಪಠ್ಯ ಹೆಚ್ಚುಕಡಿಮೆ ಅದೇ, ಶಿಕ್ಷಕರು ಅವರೇ, ಮಕ್ಕಳು ಹಿಂದಿನ ವರ್ಷದವರ ತಮ್ಮ ತಂಗಿಯರೇ. ಬದಲಾದದ್ದು ಮುಖ್ಯವಾಗಿ ಗೋಡೆಯ ಮೇಲಿನ ಕ್ಯಾಮೆರಾ. ಹಾಗಾದರೆ 83.89 ಎಂಬ ಸಂಖ್ಯೆ ಅಳೆದದ್ದು ಏನನ್ನು?

ಕ್ಯಾಮೆರಾ ನಕಲನ್ನು ತಡೆಯಬಲ್ಲದು, ಪಾಸಿಂಗ್ ಪ್ಯಾಕೇಜನ್ನು ತಡೆಯಲಾರದು. ಈ ಶಬ್ದ ಗೊತ್ತಿಲ್ಲದವರಿಗೆ: ಕಲಿಕೆಯಲ್ಲಿ ಹಿಂದುಳಿದ ಮಕ್ಕಳು ಹೇಗಾದರೂ ಗೆರೆ ದಾಟಲಿ ಎಂದು ಪ್ರಶ್ನೆಪತ್ರಿಕೆಯ ನೀಲನಕ್ಷೆ ನೋಡಿ ತಯಾರಿಸುವ ಕಿರುಹೊತ್ತಗೆ ಅದು. ವಿಜ್ಞಾನದಲ್ಲಿ ನಾಲ್ಕೈದು ಚಿತ್ರ, ಗಣಿತದಲ್ಲಿ ವೃತ್ತಕ್ಕೆ ಸ್ಪರ್ಶಕ ಎಳೆಯುವುದು, ಒಂದು ನಕ್ಷೆ, ಒಂದೆರಡು ಪ್ರಮೇಯ, ಸಮಾಜ ವಿಜ್ಞಾನದಲ್ಲಿ ಭಾರತದ ಭೂಪಟ. ಜನವರಿಯ ಮೇಲೆ ಎಷ್ಟೋ ಶಾಲೆಗಳಲ್ಲಿ ಪಾಠ ಎಂದರೆ ಇಷ್ಟೇ. ಮೆದುಳಿನ ಚಿತ್ರವನ್ನು ಕಣ್ಣು ಮುಚ್ಚಿ ಬರೆದು ಭಾಗ ಹೆಸರಿಸುವ ಹುಡುಗನಿಗೆ ಅನುಮಸ್ತಿಷ್ಕ ಏನು ಮಾಡುತ್ತದೆ ಎಂದು ಕೇಳಿದರೆ, "ಅದು ಪ್ಯಾಕೇಜಿನಲ್ಲಿ ಇಲ್ಲ ಸಾರ್" ಎನ್ನುತ್ತಾನೆ. ಹುಡುಗನನ್ನಾಗಲೀ ಶಿಕ್ಷಕರನ್ನಾಗಲೀ ಬೈದು ಪ್ರಯೋಜನವಿಲ್ಲ. ಮೇ ತಿಂಗಳಲ್ಲಿ 35 ಶೈಕ್ಷಣಿಕ ಜಿಲ್ಲೆಗಳನ್ನು ಸ್ಥಾನವಾರು ಪಟ್ಟಿ ಮಾಡಿ ಪತ್ರಿಕೆಗಳಲ್ಲಿ ಹಾಕುತ್ತಾರೆ. 2024ರಲ್ಲಿ ಉಡುಪಿ ಶೇ 94ರೊಂದಿಗೆ ಮೊದಲು, ಯಾದಗಿರಿ ಶೇ 50.59ರೊಂದಿಗೆ ಕೊನೆ. ಸ್ಥಾನ ಕುಸಿದ ಜಿಲ್ಲೆಯ ಉಪನಿರ್ದೇಶಕರಿಂದ ಕಾರಣ ಕೇಳುತ್ತಾರೆ, ಅವರು ಕ್ಷೇತ್ರ ಶಿಕ್ಷಣಾಧಿಕಾರಿಗಳಾದ ಬಿಇಒಗಳನ್ನು ಕೇಳುತ್ತಾರೆ, ಬಿಇಒ ಮುಖ್ಯ ಶಿಕ್ಷಕರನ್ನು. ಆ ಸರಪಳಿಯ ಕೊನೆಯಲ್ಲಿರುವ ಶಿಕ್ಷಕರು ಪ್ಯಾಕೇಜ್ ಹಂಚುತ್ತಾರೆ. ಉಡುಪಿಯಲ್ಲಿ ತಲೆಮಾರುಗಳಿಂದ ಓದಿದ ತಾಯಂದಿರಿದ್ದಾರೆ, ಯಾದಗಿರಿಯಲ್ಲಿ ವರ್ಷದಲ್ಲಿ ಹಲವು ತಿಂಗಳು ಗುಳೆ ಹೋಗುವ ಮನೆಗಳಿವೆ ಎಂಬ ವ್ಯತ್ಯಾಸಕ್ಕೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ.

ಇದು ನಮ್ಮ ಊರಿನ ಜಾಯಮಾನ ಮಾತ್ರವೇನೂ ಅಲ್ಲ. ಅಮೆರಿಕದಲ್ಲಿ 2002ರಲ್ಲಿ ಬಂದ ಕಾನೂನು 3ರಿಂದ 8ನೇ ತರಗತಿಯವರೆಗೆ ಪ್ರತಿ ವರ್ಷ ಪರೀಕ್ಷೆ ಕಡ್ಡಾಯ ಮಾಡಿ, 2014ರೊಳಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕೆಂದು ಗುರಿ ಇಟ್ಟಿತು. ಗುರಿ ಮುಟ್ಟದ ಶಾಲೆಗಳ ಮೇಲೆ ಕ್ರಮ. ಅಟ್ಲಾಂಟಾ ನಗರದಲ್ಲಿ ಶಿಕ್ಷಕರೇ ಮಕ್ಕಳ ಉತ್ತರಗಳನ್ನು ಅಳಿಸಿ ತಿದ್ದಿದ ಪ್ರಕರಣದಲ್ಲಿ 2015ರಲ್ಲಿ 11 ಮಂದಿ ಅಪರಾಧಿಗಳೆಂದು ಸಾಬೀತಾಯಿತು. ಅದೇ ವರ್ಷ ಆ ಕಾನೂನನ್ನೂ ಬದಲಿಸಿದರು.

ದೇಶಕ್ಕೆಲ್ಲ ಒಂದೇ ಮಾನದಂಡ ಎಂಬ ಮಾತಿಗೆ ಬೆಂಗಳೂರಿನಲ್ಲಿ ನೇರವಾಗಿ ಬಿಸಿ ತಟ್ಟುವುದು ಪಿಯುಸಿ ಮಕ್ಕಳಿಗೆ. ವೈದ್ಯಕೀಯ ಸೀಟಿಗೆ ನೀಟ್, ಎಂಜಿನಿಯರಿಂಗ್‌ಗೆ ನಮ್ಮದೇ ಸಿಇಟಿ. 2024ರ ನೀಟ್‌ನಲ್ಲಿ ಮೊದಲು 67 ಮಕ್ಕಳಿಗೆ 720ಕ್ಕೆ 720 ಬಂತು, ಪ್ರಶ್ನೆಪತ್ರಿಕೆ ಸೋರಿಕೆಯ ತನಿಖೆ ನಡೆಯಿತು. ಜುಲೈನಲ್ಲಿ ವಿಧಾನಮಂಡಲ ನೀಟ್ ಬೇಡ, ಸಿಇಟಿ ಮೂಲಕವೇ ಸೀಟು ಕೊಡಲು ಬಿಡಿ ಎಂದು ನಿರ್ಣಯ ಅಂಗೀಕರಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ನಮ್ಮ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು 50 ಪ್ರಶ್ನೆಗಳನ್ನು ಲೆಕ್ಕದಿಂದ ಕೈಬಿಡಬೇಕಾಯಿತು ಎಂಬುದನ್ನು ನಿರ್ಣಯದ ಚರ್ಚೆಯಲ್ಲಿ ನೆನೆಯಬೇಕಾದಷ್ಟು ಯಾರೂ ನೆನೆಯಲಿಲ್ಲ. ದಿಲ್ಲಿಯ ಪರೀಕ್ಷೆ ಕೆಟ್ಟದ್ದು, ಮಲ್ಲೇಶ್ವರದ ಪರೀಕ್ಷೆ ಒಳ್ಳೆಯದು ಎಂಬ ವಾದದಲ್ಲಿ ನನಗೆ ಅಂಥ ಹುರುಪಿಲ್ಲ. ಸೀಟು ಬೆರಳೆಣಿಕೆಯಷ್ಟಿದ್ದಾಗ ಹದಿನೇಳರ ವಯಸ್ಸಿನಲ್ಲಿ ಜರಡಿ ಹಿಡಿಯುವುದು ಅನಿವಾರ್ಯ. ಆ ಜರಡಿ ಯಾರ ಮನೆಯವರಿಗೆ ಅನುಕೂಲ ಎಂಬುದು ಪ್ರಶ್ನೆ. ಎರಡು ವರ್ಷದ ಕೋಚಿಂಗ್‌ಗೆ ಲಕ್ಷಗಟ್ಟಲೆ ತೆರಬಲ್ಲವರಿಗೆ ಎಂಬ ಉತ್ತರ ವಿಜಯನಗರ, ರಾಜಾಜಿನಗರದ ಫಲಕಗಳ ಮೇಲೆ ರ‍್ಯಾಂಕ್ ಪಡೆದವರ ಫೋಟೊ ಸಮೇತ ತೂಗುತ್ತಿದೆ.

ಮಾನದಂಡವನ್ನು ಸರಿಹೊಂದಿಸುವ ಇನ್ನೊಂದು ಸುಲಭದ ದಾರಿಯನ್ನು ರಾಜ್ಯ 2025ರ ಅಕ್ಟೋಬರ್‌ನಲ್ಲಿ ಹಿಡಿಯಿತು. ಎಸ್ಸೆಸ್ಸೆಲ್ಸಿ, ಪಿಯುಸಿಗಳಲ್ಲಿ ಪಾಸಾಗಲು ಬೇಕಾದ ಒಟ್ಟು ಅಂಕ ಶೇ 35ರಿಂದ 33ಕ್ಕೆ ಇಳಿಯಿತು. 625ಕ್ಕೆ 219 ಬೇಕಿದ್ದಲ್ಲಿ ಈಗ 206 ಸಾಕು. ಸಿಬಿಎಸ್‌ಇಯಲ್ಲಿ ಇರುವುದೂ 33 ಎಂಬ ಸಮರ್ಥನೆ ಬಂತು. ಹದಿಮೂರು ಅಂಕದ ದೆಸೆಯಿಂದ ಒಂದಿಷ್ಟು ಮಕ್ಕಳು ಓದು ಬಿಡದೆ ಉಳಿದರೆ ನನ್ನ ತಕರಾರಿಲ್ಲ. ಗೆರೆಯನ್ನು ಹಿಂದೆ ಮುಂದೆ ಎಳೆಯುವುದನ್ನು ಶಿಕ್ಷಣ ಸುಧಾರಣೆ ಎಂದು ಕರೆಯುವುದಕ್ಕೆ ಮಾತ್ರ ಬಾಯಿ ಬರುವುದಿಲ್ಲ.

ಬೋರ್ಡ್ ಪರೀಕ್ಷೆಯನ್ನು ವಿರೋಧಿಸುವವರೂ ಒಂದು ವಿಷಯ ಒಪ್ಪಬೇಕು. ಅದಕ್ಕೆ ಬದಲಿಯಾಗಿ ಇದ್ದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಹಳ ಕಡೆ ಕಾಗದದ ಮೇಲೆ ಮಾತ್ರ ಬದುಕಿತ್ತು. ಪಾಠದ ನಡುನಡುವೆ ನಾಲ್ಕು ರೂಪಣಾತ್ಮಕ, ಅವಧಿಯ ಕೊನೆಗೆ ಎರಡು ಸಂಕಲನಾತ್ಮಕ ಎಂದು ವರ್ಷಕ್ಕೆ ಆರು ಬಾರಿ ತುಂಬುವ ನಮೂನೆಗಳು, ಪ್ರತಿ ಮಗುವಿಗೂ ಚಟುವಟಿಕೆಯ ದಾಖಲೆ. ನಲವತ್ತು ಮಕ್ಕಳನ್ನೂ ಎರಡು ತರಗತಿಗಳನ್ನೂ ಒಟ್ಟಿಗೆ ನೋಡಿಕೊಳ್ಳುವ ಶಿಕ್ಷಕಿ ಕೊನೆಯ ವಾರ ರಾತ್ರಿ ಕೂತು ಅಂದಾಜಿನ ಮೇಲೆ ಅಂಕ ತುಂಬಿದರೆ ಅಚ್ಚರಿಯಿಲ್ಲ. ಫೇಲ್ ಮಾಡಬಾರದು ಎಂದ ಕಾಯ್ದೆ ಕಲಿಸಬಾರದು ಎಂದಿರಲಿಲ್ಲ. ಆದರೆ ಮೊದಲ ಅರ್ಧ ಜಾರಿಗೆ ಒಂದು ಸುತ್ತೋಲೆ ಸಾಕಾಯಿತು. ಉಳಿದರ್ಧಕ್ಕೆ ಶಿಕ್ಷಕರ ನೇಮಕ ಆಗಬೇಕಿತ್ತು.

ನಲಿ-ಕಲಿ ನೆನಪಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಕ್ರಮದಲ್ಲಿ ಕಲಿಕೆಯ ಏಣಿ ಇತ್ತು, ಮೆಟ್ಟಿಲುಗಳಿದ್ದವು. ಮಗು ಒಂದನ್ನು ಹತ್ತಿದ ಮೇಲೆ ಇನ್ನೊಂದು, ತನ್ನ ವೇಗದಲ್ಲಿ. ಅಲ್ಲಿ ಪರೀಕ್ಷೆ ಇಲ್ಲ ಎನ್ನುವುದಕ್ಕಿಂತ ಪ್ರತಿ ಮೆಟ್ಟಿಲಲ್ಲೂ ಇದೆ ಎನ್ನುವುದೇ ಸರಿ, ಭಯ ಮಾತ್ರ ಇಲ್ಲ. ಸೊರಗಿದ ಶಾಲೆಗಳಲ್ಲಿ ಅದೂ ಗೋಡೆಗೆ ನೇತುಹಾಕಿದ ಬಣ್ಣದ ಕಾಗದವಾಯಿತು ಎಂಬುದು ಬೇರೆ ಮಾತು.

ಅತ್ತಿಗೆಯ ಚೀಲದಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಒಂದೊಂದು ಮಗುವಿಗೆ ಒಂದೊಂದು ಪುಟ. ಯಾರು ಯಾವ ಲೆಕ್ಕವನ್ನು ಹೇಗೆ ತಪ್ಪು ಮಾಡಿದರು, ಯಾರಿಗೆ ಒತ್ತಕ್ಷರ ಓದಲು ಬಾರದು, ಯಾವ ಹುಡುಗಿ ಮನೆಯಲ್ಲಿ ತೆಲುಗು ಮಾತನಾಡುವುದರಿಂದ ಪ್ರಶ್ನೆಯೇ ಅರ್ಥವಾಗದೆ ಸುಮ್ಮನಿದ್ದಾಳೆ, ಎಲ್ಲ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ, ಸರಿಯಾದ ಮೇಲೆ ಅಳಿಸಲು ಅನುಕೂಲವಾಗಲಿ ಎಂದು. ಕಳೆದ ಸಲ ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಶಾಲೆಗೆ ಬಂದಾಗ ಅದನ್ನು ಮೇಜಿನ ಮೇಲೆ ಇಟ್ಟಿದ್ದರಂತೆ. ಬಂದವರು ನೋಟ್‌ಬುಕ್ ಪಕ್ಕಕ್ಕೆ ಸರಿಸಿ, ಹಾಜರಿ ಪುಸ್ತಕ ತೆರೆದು ಕೇಳಿದರು: "ಮೇಡಂ, ಸ್ಯಾಟ್ಸ್‌ನಲ್ಲಿ ನಾಲ್ಕನೇ ರೂಪಣಾತ್ಮಕದ ಎಂಟ್ರಿ ಆಯಿತಾ?"